ವೈರ್‌ಲೆಸ್ ಮೌಸ್: ಮುಂಬೈ ಕನ್ನಡಿಗರು ಪದೇ ಪದೇ ಕೇಳುವ ಪ್ರಶ್ನೆಗಳು

ಮಾಟುಂಗ, ಫೋರ್ಟ್ ಕಡೆಯ ಹೋಟೆಲ್‌ಗಳಲ್ಲಿ ಗಲ್ಲಾದ ಮೇಲೆ ಕೂರುವವರು, ಸಂಘದ ಲೆಕ್ಕಪತ್ರ ನೋಡುವ ಹಿರಿಯರು, ಡೊಂಬಿವಲಿ, ಭಾಂಡೂಪ್‌ನಿಂದ ಫೋನ್ ಮಾಡುವ ಅಮ್ಮಂದಿರು, ಮನೆಯಿಂದಲೇ ಆಫೀಸ್ ಕೆಲಸ ಮಾಡುವ ಹುಡುಗ ಹುಡುಗಿಯರು ಕೇಳಿದ್ದನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಪ್ರಶ್ನೆಗಳನ್ನು ಆದಷ್ಟು ಅವರ ಮಾತಿನಲ್ಲೇ ಬಿಟ್ಟಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. "ಮೌಸ್ ಕೆಟ್ಟುಹೋಯಿತು" ಅಂತ ಬರುವವುಗಳಲ್ಲಿ ಬಹಳಷ್ಟು ಕೆಟ್ಟಿರುವುದೇ ಇಲ್ಲ. ಮೌಸ್ ಓಡಾಡುವ ಜಾಗ, ಡಾಂಗಲ್ (ಮೌಸ್‌ನ ಸಿಗ್ನಲ್ ಹಿಡಿಯಲು ಕಂಪ್ಯೂಟರ್‌ನ ಯುಎಸ್‌ಬಿಗೆ ಹಾಕುವ ಪುಟ್ಟ ತುಂಡು) ಸಿಕ್ಕಿಸಿದ ಜಾಗ, ಒಳಗಿನ ಸೆಲ್ಲು, ಈ ಮೂರರಲ್ಲಿ ಏನೋ ಒಂದು ಸರಿ ಇರುವುದಿಲ್ಲ. ದುಡ್ಡು ಕೊಟ್ಟು ತಂದ ವಸ್ತು. ಎಸೆಯುವ ಮುಂಚೆ ಈ ಮೂರನ್ನು ನೋಡಿ.

## ಕೊಳ್ಳುವ ಮುಂಚೆ

ವೈರ್‌ಲೆಸ್ ಅಂದ್ರೆ ವೈಫೈ ಬೇಕಲ್ವಾ? ನಮ್ಮನೇಲಿ ನೆಟ್ಟೇ ಇಲ್ಲ.

ಬೇಡ. ಮೌಸ್ ನೇರವಾಗಿ ನಿಮ್ಮ ಕಂಪ್ಯೂಟರ್‌ಗೆ ರೇಡಿಯೋ ಸಿಗ್ನಲ್ ಕಳಿಸುತ್ತದೆ. ರೌಟರ್, ಇಂಟರ್ನೆಟ್, ಸಿಮ್ ಯಾವುದೂ ನಡುವೆ ಬರುವುದಿಲ್ಲ. ಕರೆಂಟ್ ಹೋಗಿ ರೌಟರ್ ಬಂದ್ ಆದರೂ ಲ್ಯಾಪ್‌ಟಾಪ್ ನಡೆಯುವ ತನಕ ಮೌಸೂ ನಡೆಯುತ್ತದೆ.

ಡಾಂಗಲ್‌ದು ತಗೊಳ್ಳಲಾ, ಬ್ಲೂಟೂತ್‌ದು ತಗೊಳ್ಳಲಾ?

ಹೋಟೆಲ್ ಬಿಲ್ಲಿಂಗ್ ಕಂಪ್ಯೂಟರ್, ಹಳೆಯ ಡೆಸ್ಕ್‌ಟಾಪ್, ಮನೆಯ ಹಿರಿಯರು ಬಳಸುವ ಲ್ಯಾಪ್‌ಟಾಪ್ ಆದರೆ ಡಾಂಗಲ್‌ದೇ ತಗೊಳ್ಳಿ. ಯುಎಸ್‌ಬಿಗೆ ಸಿಕ್ಕಿಸಿದರೆ ಮುಗಿಯಿತು, ಸೆಟ್ಟಿಂಗ್ಸ್ ತೆರೆಯುವ ಕೆಲಸವೇ ಇಲ್ಲ. ಹಳೆಯ ಡೆಸ್ಕ್‌ಟಾಪ್‌ಗಳಲ್ಲಿ ಬ್ಲೂಟೂತ್ ಇರುವುದೂ ಅಪರೂಪ. ಇನ್ನೊಂದು ಕಾರಣವನ್ನು ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ. ಬ್ಲೂಟೂತ್ ಮೌಸ್ ಸಾಮಾನ್ಯವಾಗಿ ವಿಂಡೋಸ್ ತೆರೆದುಕೊಂಡ ಮೇಲೆಯೇ ಜೀವ ಪಡೆಯುವುದು. ಕಂಪ್ಯೂಟರ್ ಅರ್ಧಕ್ಕೇ ನಿಂತು ರಿಪೇರಿ ಸ್ಕ್ರೀನ್ ತೋರಿಸಿದರೆ ಅಲ್ಲಿ ಅದು ಕೈಕೊಡಬಹುದು.

ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಟೈಪ್ ಸಿ ಪೋರ್ಟ್ ಮಾತ್ರ ಇದ್ದರೆ, ಅಥವಾ ಟ್ಯಾಬ್ಲೆಟ್ ಜೊತೆಗೂ ಬಳಸಬೇಕಿದ್ದರೆ ಬ್ಲೂಟೂತ್ ಒಳ್ಳೆಯದು. ಐಪ್ಯಾಡ್‌ನಲ್ಲಿ 2020ರ ಮಾರ್ಚ್‌ನಲ್ಲಿ ಬಂದ ಐಪ್ಯಾಡ್‌ಒಎಸ್ 13.4ರಿಂದ ಮೌಸ್ ಚೆನ್ನಾಗಿಯೇ ನಡೆಯುತ್ತದೆ. ಎರಡೂ ಇರುವ ಮೌಸ್‌ಗಳೂ ಸಿಗುತ್ತವೆ. ಸ್ವಲ್ಪ ಜಾಸ್ತಿ ಕೊಟ್ಟರೂ ನನ್ನ ಓಟು ಅದಕ್ಕೇ.

ಲ್ಯಾಮಿಂಗ್ಟನ್ ರೋಡಲ್ಲಿ ಸಸ್ತಾ ಸಿಗುತ್ತೆ ಅಂತಾರೆ. ತಗೊಂಡ್ರೆ ಪರವಾಗಿಲ್ವಾ?

ಧಾರಾಳವಾಗಿ ತಗೊಳ್ಳಿ. ಗ್ರಾಂಟ್ ರೋಡ್ ಸ್ಟೇಷನ್‌ನಿಂದ ನಡೆದುಹೋಗುವಷ್ಟೇ ದೂರ, ಆಯ್ಕೆಯೂ ಬೇಕಾದಷ್ಟು. ಆದರೆ ಡಬ್ಬಿ ತಿರುಗಿಸಿ ನೋಡಿ. ಎಂಆರ್‌ಪಿ, ತಯಾರಾದ ತಿಂಗಳು ಮತ್ತು ವರ್ಷ, ಆಮದು ಮಾಡಿದವರ ಹೆಸರು ವಿಳಾಸ, ಗ್ರಾಹಕರ ದೂರಿಗೆ ಫೋನ್ ನಂಬರು ಅಚ್ಚಾಗಿರಬೇಕು. ಅದು 2011ರ ಪೊಟ್ಟಣದ ಸರಕಿನ ನಿಯಮ. ಇದ್ಯಾವುದೂ ಇಲ್ಲದ ಡಬ್ಬಿಯ ಮೇಲೆ ದೊಡ್ಡ ಬ್ರ್ಯಾಂಡ್ ಹೆಸರಿದ್ದರೆ ವಾಪಸ್ ಇಟ್ಟುಬಿಡಿ. "ಬಿಲ್ ಬೇಡಾಂದ್ರೆ ಇಷ್ಟು ಕಮ್ಮಿ" ಅನ್ನುವ ವ್ಯಾಪಾರಕ್ಕೆ ಒಪ್ಪಬೇಡಿ. ವಾರಂಟಿ ಕೇಳಲು ಹೋದಾಗ ಕೈಯಲ್ಲಿ ಇರಬೇಕಾದದ್ದು ಆ ಬಿಲ್ಲೇ. ಅಂಗಡಿಯವರೂ ಕಂಪನಿಯವರೂ ಸುಮ್ನೆ ಓಡಾಡಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ.

## ಮೊದಲ ದಿನ

ಡಬ್ಬಿ ಪೂರ್ತಿ ಹುಡುಕಿದೆ, ಡಾಂಗಲ್ಲೇ ಇಲ್ಲ. ಹಾಕೋದೇ ಮರ್ತಿದಾರಾ?

ಮೌಸ್ ಮಗುಚಿ ಹಾಕಿ ಸೆಲ್ ಹಾಕುವ ಮುಚ್ಚಳ ತೆಗೆಯಿರಿ. ಸೆಲ್ ಪಕ್ಕದಲ್ಲೇ ಒಂದು ಸಣ್ಣ ಗೂಡಿನಲ್ಲಿ ಅವಿತುಕೊಂಡಿರುತ್ತದೆ. ಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡದು ಅಷ್ಟೆ. ಅಲ್ಲೂ ಇಲ್ಲದಿದ್ದರೆ ಡಬ್ಬಿಯ ಮೇಲೆ ಬರೆದದ್ದು ಓದಿ. ನೀವು ತಂದದ್ದು ಬ್ಲೂಟೂತ್ ಮಾತ್ರ ಇರುವ ಮೌಸ್ ಆಗಿರಬಹುದು.

ಡಾಂಗಲ್ ಹಾಕಿದೆ, ಸ್ವಿಚ್ ಹಾಕಿದೆ, ಕೆಂಪು ಲೈಟೂ ಇಲ್ಲ. ಸತ್ತೇ ಬಂದಿದೆಯಾ?

ಕೆಂಪು ಲೈಟ್ ಇಲ್ಲ ಅಂತ ಗಾಬರಿಯಾಗಬೇಡಿ. ಈಗಿನ ಎಷ್ಟೋ ಮೌಸ್‌ಗಳು ಇನ್‌ಫ್ರಾರೆಡ್ ಬೆಳಕು ಬಳಸುತ್ತವೆ, ಅದು ಕಣ್ಣಿಗೆ ಕಾಣುವುದಿಲ್ಲ. ಸೆಲ್ ಉಳಿತಾಯಕ್ಕೆ ಅದು ಒಳ್ಳೆಯದೇ.

ಸೆಲ್ ಹಾಕುವ ಜಾಗದಿಂದ ಪಾರದರ್ಶಕ ಪ್ಲಾಸ್ಟಿಕ್ ಪಟ್ಟಿಯೊಂದು ಹೊರಗೆ ಇಣುಕುತ್ತಿದೆಯಾ ನೋಡಿ. ಅದನ್ನು ಎಳೆದು ತೆಗೆಯದಿದ್ದರೆ ಸೆಲ್ಲಿಗೂ ಮೌಸ್‌ಗೂ ಸಂಪರ್ಕವೇ ಇರುವುದಿಲ್ಲ. ಆಮೇಲೆ ಸೆಲ್ಲಿನ ಪ್ಲಸ್ ಮೈನಸ್ ನೋಡಿ. ಡಾಂಗಲ್ ಇನ್ನೊಂದು ಪೋರ್ಟಿಗೆ ಹಾಕಿ ನೋಡಿ. ಕೊನೆಗೆ ಬೇರೆ ಯಾರದಾದರೂ ಕಂಪ್ಯೂಟರ್‌ಗೆ ಹಾಕಿ ನೋಡಿ. ಅಲ್ಲೂ ಏಳದಿದ್ದರೆ ಮಾತ್ರ ಅಂಗಡಿಗೆ ಹೊರಡಿ.

ಬ್ಲೂಟೂತ್ ಮೌಸ್ ಕಂಪ್ಯೂಟರ್‌ಗೆ ಕೂಡಿಸೋದು ಹ್ಯಾಂಗ್ರಿ?

ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್ ತೆರೆದು 'ಬ್ಲೂಟೂತ್ ಆ್ಯಂಡ್ ಡಿವೈಸಸ್'ಗೆ ಹೋಗಿ 'ಆ್ಯಡ್ ಡಿವೈಸ್' ಒತ್ತಿ, ಮತ್ತೆ 'ಬ್ಲೂಟೂತ್' ಆರಿಸಿ. ಅದಕ್ಕೂ ಮುಂಚೆ ಮೌಸ್‌ನ ಕೆಳಗಿರುವ ಪೇರಿಂಗ್ ಬಟನ್ ಒತ್ತಿ ಹಿಡಿದಿರಬೇಕು. ಲೈಟ್ ಬೇಗ ಬೇಗ ಮಿನುಗತೊಡಗಿದಾಗ ಬಿಡಿ. ಬಹಳ ಜನ ಒಮ್ಮೆ ಒತ್ತಿ ಬಿಟ್ಟುಬಿಡುತ್ತಾರೆ, ಹಾಗಾಗಿಯೇ ಮೌಸ್ ಹೆಸರು ಪಟ್ಟಿಯಲ್ಲಿ ಬರುವುದಿಲ್ಲ.

1, 2, 3 ಅಂತ ನಂಬರ್ ಇರುವ ಮೌಸ್ ಆದರೆ ಒಂದೊಂದು ನಂಬರಿಗೆ ಒಂದೊಂದು ಯಂತ್ರ. ಆಫೀಸ್ ಲ್ಯಾಪ್‌ಟಾಪ್ 1ರಲ್ಲಿ, ಮನೆಯದು 2ರಲ್ಲಿ. "ನಿನ್ನೆ ನಡೀತಿತ್ತು, ಇವತ್ತು ಇಲ್ಲ" ಅನ್ನುವವರು ಮೊದಲು ಈ ಬಟನ್ ನೋಡಿ. ಚೀಲದಲ್ಲಿ ಒತ್ತಿಹೋಗಿ ನಂಬರ್ ಬದಲಾಗಿರುತ್ತದೆ.

## ದಿನದ ಬಳಕೆ

ನಮ್ಮ ಗಲ್ಲಾದ ಮೇಲೆ ಮೌಸ್ ಹಾರುತ್ತೆ, ಮನೆಗೆ ಒಯ್ದರೆ ಸರಿ ಇರುತ್ತೆ. ಯಾಕೆ?

ಹೋಟೆಲಿನವರು ಅತಿ ಹೆಚ್ಚು ಕೇಳುವ ಪ್ರಶ್ನೆ ಇದು. ಕಾರಣ ಗಾಜು.

ಮೌಸ್‌ನ ಹೊಟ್ಟೆಯಲ್ಲಿ ಒಂದು ಪುಟ್ಟ ಕ್ಯಾಮೆರಾ ಇದೆ. ಅದು ಕೆಳಗಿನ ಮೇಲ್ಮೈಯ ಫೋಟೋವನ್ನು ಸೆಕೆಂಡಿಗೆ ಸಾವಿರಕ್ಕೂ ಹೆಚ್ಚು ಸಲ ತೆಗೆಯುತ್ತದೆ. ಒಂದು ಫೋಟೋಗೂ ಮುಂದಿನದಕ್ಕೂ ಏನು ಸರಿದಿದೆ ಅಂತ ನೋಡಿ, ಕೈ ಯಾವ ಕಡೆ ಹೋಯಿತು ಅಂತ ಲೆಕ್ಕ ಹಾಕುತ್ತದೆ. ಮರ, ಕಾಗದ, ಬಟ್ಟೆ ಎಷ್ಟೇ ನುಣುಪಾಗಿ ಕಂಡರೂ ಹತ್ತಿರದಿಂದ ನೋಡಿದರೆ ಒರಟು ಇದ್ದೇ ಇರುತ್ತದೆ, ಕ್ಯಾಮೆರಾಗೆ ಗುರುತು ಸಿಗುತ್ತದೆ. ಗಾಜಿನಲ್ಲಿ ಆ ಗುರುತು ಇಲ್ಲ. ಬೆಳಕು ಗಾಜು ದಾಟಿ ಕೆಳಗೆ ಇಟ್ಟ ದರಪಟ್ಟಿಗೋ ದೇವರ ಫೋಟೋಗೋ ಬಡಿದು ಅಡ್ಡಾದಿಡ್ಡಿ ವಾಪಸ್ ಬರುತ್ತದೆ. ನಮ್ಮ ಹೋಟೆಲ್‌ಗಳ ಗಲ್ಲಾ ನೋಡಿದ್ದೀರಲ್ಲ: ಮೇಲೆ ದಪ್ಪ ಗಾಜು, ಅದರಡಿ ಮೆನು, ವಿಸಿಟಿಂಗ್ ಕಾರ್ಡು, ಹಳೆಯ ನೋಟು. ಮೌಸ್‌ಗೆ ಅದಕ್ಕಿಂತ ಕಷ್ಟದ ಜಾಗ ಇನ್ನೊಂದಿಲ್ಲ.

ಒಂದು ಮೌಸ್ ಪ್ಯಾಡ್ ಸಾಕು. ಅದೂ ಇಲ್ಲದಿದ್ದರೆ ಹಳೆಯ ಲೆಕ್ಕದ ಪುಸ್ತಕದ ರಟ್ಟು ಇಟ್ಟು ನೋಡಿ, ಕೂಡಲೇ ಸರಿಹೋಗುತ್ತದೆ. ಹೊಳೆಯುವ ಪ್ಲಾಸ್ಟಿಕ್ ಹಾಳೆ ಮಾತ್ರ ಬೇಡ. ಗಾಜಿನ ಮೇಲೆಯೇ ನಡೆಯುವ ಮೌಸ್‌ಗಳೂ ಇವೆ. ಲಾಜಿಟೆಕ್ ಕಂಪನಿ 2009ರಲ್ಲಿ ಡಾರ್ಕ್‌ಫೀಲ್ಡ್ ಅನ್ನುವ ಸೆನ್ಸರ್ ತಂದಿತು. ಕನಿಷ್ಠ 4 ಮಿಲಿಮೀಟರ್ ದಪ್ಪದ ಗಾಜಿನ ಮೇಲೆ ಅದು ಕೆಲಸ ಮಾಡುತ್ತದೆ. ಆದರೆ ಬಿಲ್ಲಿಂಗ್‌ಗೆ ಅಷ್ಟು ದುಬಾರಿ ಮೌಸ್ ಯಾಕೆ, ಪ್ಯಾಡ್ ಸಿಗುವಾಗ?

ಹೋಟೆಲ್ ಮೌಸ್‌ಗೆ ಇನ್ನೊಂದು ಶತ್ರು ಎಣ್ಣೆಕೈ ಮತ್ತು ಊದುಬತ್ತಿ ಬೂದಿ. ಅಡಿಯ ಪಾದಗಳಿಗೆ ಜಿಡ್ಡು ಹತ್ತಿ, ಸೆನ್ಸರ್ ಕಿಂಡಿಯಲ್ಲಿ ಧೂಳು ಕೂರುತ್ತದೆ. ವಾರಕ್ಕೊಮ್ಮೆ ಸ್ವಿಚ್ ಆಫ್ ಮಾಡಿ, ಒಣ ಇಯರ್ ಬಡ್‌ನಿಂದ ಕಿಂಡಿ ಮೆಲ್ಲಗೆ ಒರೆಸಿ. ಬೆಳಗ್ಗೆ ಗಲ್ಲಾಪೂಜೆ ಮಾಡುವಾಗ ಮೌಸ್ ಸ್ವಲ್ಪ ಆಚೆ ಸರಿಸಿಡಿ.

ಅಮ್ಮನಿಗೆ ಡಬಲ್ ಕ್ಲಿಕ್ ಆಗೋದೇ ಇಲ್ಲ, ಬಾಣ ಎಲ್ಲಿದೆ ಅಂತಾನೂ ಕಾಣಲ್ಲ. ಏನು ಮಾಡೋದು?

ಅಮ್ಮನ ಕೈಗೆ ತಕ್ಕ ಹಾಗೆ ಮೌಸ್ ಬದಲಾಗಬೇಕು. ವಿಂಡೋಸ್‌ನಲ್ಲಿ ಅದಕ್ಕೆ ಬೇಕಾದ ಸೌಲಭ್ಯ ಎಲ್ಲ ಇವೆ, ಮಕ್ಕಳು ಹತ್ತು ನಿಮಿಷ ಕೂತು ಮಾಡಿಕೊಡಬೇಕು ಅಷ್ಟೆ.

ಮೌಸ್ ಸೆಟ್ಟಿಂಗ್ಸ್‌ನಲ್ಲಿ 'ಅಡಿಷನಲ್ ಮೌಸ್ ಸೆಟ್ಟಿಂಗ್ಸ್' ತೆರೆಯಿರಿ. ಬಟನ್ಸ್ ಅನ್ನುವ ಪುಟದಲ್ಲಿ ಡಬಲ್ ಕ್ಲಿಕ್ ವೇಗ ಕಮ್ಮಿ ಮಾಡಿ. ಎರಡು ಒತ್ತಿನ ನಡುವೆ ತಡವಾದರೂ ಕಂಪ್ಯೂಟರ್ ಒಪ್ಪಿಕೊಳ್ಳುತ್ತದೆ. ಇನ್ನೂ ಕಷ್ಟವಾದರೆ ಫೋಲ್ಡರ್ ಆಪ್ಷನ್ಸ್‌ನಲ್ಲಿ ಒಂದೇ ಕ್ಲಿಕ್ಕಿಗೆ ತೆರೆಯುವಂತೆ ಮಾಡಿ. ಬಾಣದ ಗಾತ್ರ ಮತ್ತು ಬಣ್ಣ ಆ್ಯಕ್ಸೆಸಿಬಿಲಿಟಿ ವಿಭಾಗದಲ್ಲಿ ಸಿಗುತ್ತದೆ. ದೊಡ್ಡದು, ಹಳದಿ ಬಣ್ಣದ್ದು ಮಾಡಿಕೊಡಿ. ಮತ್ತೆ 'ಅಡಿಷನಲ್ ಮೌಸ್ ಸೆಟ್ಟಿಂಗ್ಸ್'ಗೆ ಬಂದರೆ, ಪಾಯಿಂಟರ್ ಆಪ್ಷನ್ಸ್ ಪುಟದ ಕೆಳಗೆ ಇನ್ನೊಂದಿದೆ: ಅದಕ್ಕೆ ಟಿಕ್ ಹಾಕಿದರೆ ಕಂಟ್ರೋಲ್ ಕೀ ಒತ್ತಿದಾಗ ಬಾಣದ ಸುತ್ತ ಉಂಗುರ ಮೂಡುತ್ತದೆ. ಕಣ್ಣು ಮಂಜಾದ ಹಿರಿಯರಿಗೆ ಇದರಿಂದ ಆಗುವ ಸಮಾಧಾನ ನಾನು ಕಣ್ಣಾರೆ ಕಂಡಿದ್ದೇನೆ.

ಮೌಸ್ ಕೊಳ್ಳುವಾಗಲೂ ತೀರಾ ಚಿಕ್ಕದು ತರಬೇಡಿ. ಅಂಗೈ ತುಂಬುವಂಥದ್ದು ತನ್ನಿ. ಚಿಕ್ಕ ಮೌಸ್ ಹಿಡಿಯಲು ಬೆರಳು ಮಡಚಿಕೊಂಡೇ ಇರಬೇಕಾಗುತ್ತದೆ, ಸಂಧಿನೋವು ಇದ್ದವರಿಗೆ ಅದು ಹಿಂಸೆ.

ನಾನು ಎಡಚ. ನನಗೆ ಬೇರೆ ಮೌಸ್ ಬೇಕಾ?

ಎರಡೂ ಕಡೆ ಒಂದೇ ಆಕಾರ ಇರುವ ಮೌಸ್ ತಗೊಂಡು, ಸೆಟ್ಟಿಂಗ್ಸ್‌ನಲ್ಲಿ 'ಪ್ರೈಮರಿ ಮೌಸ್ ಬಟನ್' ಬಲಕ್ಕೆ ಬದಲಿಸಿ. ಸಾಕು.

ಹೊಸ ಮ್ಯಾಕ್‌ನಲ್ಲಿ ಚಕ್ರ ಕೆಳಗೆ ತಿರುಗಿಸಿದ್ರೆ ಪುಟ ಮೇಲಕ್ಕೆ ಹೋಗುತ್ತೆ. ಮೌಸ್ ಉಲ್ಟಾನಾ?

ಮ್ಯಾಕ್‌ನ ಅಭ್ಯಾಸವೇ ಹಾಗೆ. ಮೌಸ್ ಸೆಟ್ಟಿಂಗ್ಸ್‌ನಲ್ಲಿ 'ನ್ಯಾಚುರಲ್ ಸ್ಕ್ರಾಲಿಂಗ್' ಆಫ್ ಮಾಡಿ.

ಯಾವ ಸೆಲ್ ಹಾಕ್ಬೇಕು? ಚಾರ್ಜ್ ಮಾಡೋ ಸೆಲ್ ಹಾಕಬಹುದಾ?

ಮೌಸ್‌ಗೆ ಬೇಕಾಗುವುದು ಪೆನ್ಸಿಲ್ ಸೆಲ್, ಅಂದರೆ ಎಎ, ಅಥವಾ ಅದಕ್ಕಿಂತ ಸಣ್ಣ ಎಎಎ. ಮುಚ್ಚಳದ ಒಳಗೆ ಬರೆದಿರುತ್ತದೆ. ಗೋಡೆಗಡಿಯಾರಕ್ಕೆ ಹಾಕುವ ಅಗ್ಗದ ಸೆಲ್ ಹಾಕಿದರೂ ನಡೆಯುತ್ತದೆ, ಬೇಗ ಮುಗಿಯುತ್ತದೆ. ಆಲ್ಕಲೈನ್ ಅಂತ ಬರೆದದ್ದು ಹೆಚ್ಚು ಕಾಲ ಬರುತ್ತದೆ. ಚಾರ್ಜ್ ಮಾಡುವ ನಿಕಲ್ ಸೆಲ್‌ಗಳನ್ನೂ ಹಾಕಬಹುದು. ಅವು 1.5 ವೋಲ್ಟ್ ಬದಲು 1.2 ವೋಲ್ಟ್ ಕೊಡುವುದರಿಂದ ಕೆಲವು ಮೌಸ್‌ಗಳು "ಬ್ಯಾಟರಿ ಕಮ್ಮಿ" ಅಂತ ಬೇಗ ಹೇಳುತ್ತವೆ, ಅದಕ್ಕೆ ಹೆದರಬೇಡಿ. ಎರಡು ಸೆಲ್ ಹಾಕುವ ಮೌಸ್‌ನಲ್ಲಿ ಹಳೆಯದು ಒಂದು, ಹೊಸದು ಒಂದು ಹಾಕಬೇಡಿ.

ಊರಿಗೆ ಹೋಗುವಾಗ ಸೆಲ್ ತೆಗೆದಿಟ್ಟು ಹೋಗಿ. ಮೇ ತಿಂಗಳು ಪೂರ್ತಿ ಊರಲ್ಲಿದ್ದು ವಾಪಸ್ ಬಂದಾಗ ಸೆಲ್ ಸೋರಿ ಬಿಳಿ ಪುಡಿ ಕಟ್ಟಿರುವುದು ಮಾಮೂಲು. ಅದು ಕ್ಷಾರ, ಬರಿಗೈಯಲ್ಲಿ ಮುಟ್ಟಬೇಡಿ. ಇಯರ್ ಬಡ್‌ಗೆ ಎರಡು ಹನಿ ನಿಂಬೆರಸ ಅಥವಾ ವಿನೆಗರ್ ತಾಗಿಸಿ ಲೋಹದ ಪಟ್ಟಿ ಉಜ್ಜಿ. ಆಮೇಲೆ ಇನ್ನೊಂದು ಬಡ್‌ನಿಂದ ಚೆನ್ನಾಗಿ ಒರೆಸಿ, ಪೂರ್ತಿ ಒಣಗಿದ ಮೇಲೆ ಹೊಸ ಸೆಲ್ ಹಾಕಿ. ಪಟ್ಟಿ ತುಕ್ಕು ಹಿಡಿದು ಮುರಿಯದಿದ್ದರೆ ಮೌಸ್ ಬದುಕುತ್ತದೆ.

## ಕಾಟ ಕೊಡುವಾಗ

ಪ್ಯಾಡೂ ಇದೆ, ಹೊಸ ಸೆಲ್ಲೂ ಇದೆ. ಆದ್ರೂ ಬಾಣ ನಿಂತು ನಿಂತು ಹೋಗುತ್ತೆ.

ಈಗ ನೋಡಬೇಕಾದದ್ದು ಡಾಂಗಲ್ ಎಲ್ಲಿದೆ ಅನ್ನುವುದು. ಪೋರ್ಟಿನ ಒಳಗಿನ ನಾಲಿಗೆ ನೀಲಿ ಬಣ್ಣದ್ದಾದರೆ ಅದು ಯುಎಸ್‌ಬಿ 3. ಅಲ್ಲಿ ಪೆನ್ ಡ್ರೈವ್, ಹಾರ್ಡ್ ಡಿಸ್ಕ್ ಕೆಲಸ ಮಾಡುವಾಗ 2.4 ಗಿಗಾಹರ್ಟ್ಸ್ ಅನ್ನುವ ರೇಡಿಯೋ ಆವರ್ತನದ (ಫ್ರೀಕ್ವೆನ್ಸಿ) ಸುತ್ತಮುತ್ತ ಗದ್ದಲ ಏಳುತ್ತದೆ. ಮೌಸ್ ಮಾತಾಡುವುದೂ ಅದೇ ಜಾಗದಲ್ಲಿ. ಇದನ್ನು ಇಂಟೆಲ್ ಕಂಪನಿಯೇ 2012ರಲ್ಲಿ ಪರೀಕ್ಷೆ ಮಾಡಿ ಬರೆದು ಪ್ರಕಟಿಸಿದೆ. ಹಾಗಿದ್ದೂ ಎಷ್ಟೋ ಜನ ಇನ್ನೂ ಮೌಸ್ ಮೇಲೇ ಅನುಮಾನ ಪಡುತ್ತಾರೆ. ಹಾರ್ಡ್ ಡಿಸ್ಕಿಗೆ ಫೈಲ್ ಕಾಪಿ ಆಗುತ್ತಿರುವಾಗಲೇ ಮೌಸ್ ಎಡವಿದರೆ ಕಾರಣ ಇದೇ ಅನ್ನಿ. ಡಾಂಗಲ್ಲನ್ನು ಕಪ್ಪು ನಾಲಿಗೆಯ ಹಳೆಯ ಪೋರ್ಟಿಗೆ, ಅದೂ ಹಾರ್ಡ್ ಡಿಸ್ಕ್‌ನಿಂದ ದೂರದ ಬದಿಗೆ ಹಾಕಿ. ಡೆಸ್ಕ್‌ಟಾಪ್ ಆದರೆ ಹಿಂಬದಿಯಿಂದ ತೆಗೆದು ಮುಂದಕ್ಕೆ ಹಾಕಿ, ಇಲ್ಲವೇ ಒಂದು ಮೀಟರಿನ ಯುಎಸ್‌ಬಿ ಎಕ್ಸ್‌ಟೆನ್ಷನ್ ವೈರ್ ತಂದು ಡಾಂಗಲ್ಲನ್ನು ಮೌಸ್ ಪಕ್ಕಕ್ಕೇ ತನ್ನಿ. ನಾನು ಕಂಡ ಹಾಗೆ ಇಷ್ಟು ಅಗ್ಗದಲ್ಲಿ ಇಷ್ಟು ಖಂಡಿತವಾಗಿ ಕೆಲಸ ಮಾಡುವ ಮದ್ದು ಬೇರೆ ಇಲ್ಲ.

ಮುಂಬೈಯಲ್ಲಿ ಇದರ ಮೇಲೆ ಇನ್ನೊಂದು ತೊಂದರೆ. 2.4 ಗಿಗಾಹರ್ಟ್ಸ್ ಲೈಸೆನ್ಸ್ ಇಲ್ಲದೆ ಯಾರು ಬೇಕಾದರೂ ಬಳಸಬಹುದಾದ ಜಾಗ. ಮೇಲಿನವರ ವೈಫೈ, ಪಕ್ಕದವರ ವೈಫೈ, ಬ್ಲೂಟೂತ್ ಸ್ಪೀಕರು, ಮೈಕ್ರೋವೇವ್ ಓವನ್ನು ಎಲ್ಲವೂ ಅಲ್ಲೇ. ಒಂದು ಗೋಡೆಯಾಚೆ ಇನ್ನೊಂದು ಮನೆ ಇರುವ ಬಿಲ್ಡಿಂಗ್‌ನಲ್ಲಿ ಅದು ಸಂಜೆ ಆರರ ವಿರಾರ್ ಲೋಕಲ್ ಹಾಗೆ. ಲ್ಯಾಪ್‌ಟಾಪ್‌ನ ವೈಫೈ 5 ಗಿಗಾಹರ್ಟ್ಸ್‌ಗೆ ಬದಲಿಸಿ, ರೌಟರ್ ಮೇಜಿನಿಂದ ದೂರ ಇಡಿ.

ಮಳೆಗಾಲ ಬಂದ್ರೆ ಒಂದು ಸಲ ಒತ್ತಿದ್ರೆ ಎರಡು ಸಲ ಒತ್ತಿದ ಹಾಗೆ ಆಗುತ್ತೆ.

ಒಂದು ದೋಸೆಗೆ ಎರಡು ದೋಸೆ ಬಿಲ್ ಆಗುವುದು ಇದರಿಂದಲೇ. ಬಟನ್ ಅಡಿಯಲ್ಲಿ ಒಂದು ಚಿಕ್ಕ ಸ್ವಿಚ್ ಇದೆ. ಅದರೊಳಗೆ ತೆಳ್ಳನೆಯ ಲೋಹದ ಪಟ್ಟಿ ಬಾಗಿ ಇನ್ನೊಂದು ಲೋಹಕ್ಕೆ ತಾಗುತ್ತದೆ. ಬಳಸಿ ಬಳಸಿ ಪಟ್ಟಿ ಸೊರಗುತ್ತದೆ, ತಾಗುವ ಜಾಗದಲ್ಲಿ ಕಿಲುಬು ಕಟ್ಟುತ್ತದೆ. ಆಗ ಒಂದು ಒತ್ತಿನಲ್ಲಿ ಸಂಪರ್ಕ ಕಡಿದು ಕೂಡಿ, ಎರಡು ಕ್ಲಿಕ್ ಆಗಿ ಕಾಣುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಇಲ್ಲಿನ ತೇವ ಮತ್ತು ಸಮುದ್ರದ ಉಪ್ಪುಗಾಳಿ ಕಿಲುಬಿಗೆ ಇನ್ನಷ್ಟು ನೆರವಾಗುತ್ತವೆ.

ಮೊದಲು ಮೌಸ್ ಇನ್ನೊಂದು ಕಂಪ್ಯೂಟರ್‌ಗೆ ಹಾಕಿ ನೋಡಿ. ಅಲ್ಲೂ ಹಾಗೇ ಆದರೆ ಸ್ವಿಚ್‌ನದೇ ದೋಷ. ವಾರಂಟಿ ಇದ್ದರೆ ಬಿಚ್ಚಬೇಡಿ, ಬದಲಿ ಕೇಳಿ. ಕ್ಲಿಕ್ ಎರಡಾಗುವುದನ್ನು ಫೋನಿನಲ್ಲಿ ವಿಡಿಯೋ ಮಾಡಿ ಇಟ್ಟುಕೊಳ್ಳಿ. ಕೌಂಟರ್‌ನಲ್ಲಿ ತೋರಿಸುವಾಗ ಅದು ಮಾಡುವುದೇ ಇಲ್ಲ, ಅಲ್ವಾ! ವಾರಂಟಿ ಮುಗಿದಿದ್ದರೆ ಸ್ವಿಚ್ ಮಾತ್ರ ಬದಲಿಸಬಹುದು. ಮೂರು ಕಾಲಿನ ಬೆಸುಗೆ ಅಷ್ಟೆ, ಸ್ಕ್ರೂ ಹೆಚ್ಚಾಗಿ ಅಡಿಯ ಪಾದಗಳ ಸ್ಟಿಕರ್ ಕೆಳಗೆ ಅಡಗಿರುತ್ತದೆ. ಒಳ್ಳೆಯ ಮೌಸ್‌ಗೆ ಈ ಖರ್ಚು ಮಾಡಬಹುದು, ತೀರಾ ಅಗ್ಗದ್ದಕ್ಕೆ ಬೇಡ.

ಊಟ ಮಾಡಿ ಬಂದು ನೋಡಿದ್ರೆ ಮೌಸ್ ಅಲ್ಲಾಡೋದೇ ಇಲ್ಲ.

ಮೊದಲು ಒಂದು ಕ್ಲಿಕ್ ಮಾಡಿ. ಸೆಲ್ ಉಳಿಸಲು ಮೌಸ್ ನಿದ್ದೆ ಹೋಗಿರುತ್ತದೆ, ಕೆಲವು ಬರೀ ಸರಿಸಿದರೆ ಏಳುವುದಿಲ್ಲ. ಆಗಲೂ ಏಳದೆ, ಡಾಂಗಲ್ ತೆಗೆದು ಹಾಕಿದರೆ ಮಾತ್ರ ಎದ್ದರೆ, ಕಂಪ್ಯೂಟರ್ ಆ ಪೋರ್ಟಿನ ವಿದ್ಯುತ್ತನ್ನು ಕಡಿದಿದೆ ಎಂದು ಅರ್ಥ. ವಿಂಡೋಸ್‌ನ ಡಿವೈಸ್ ಮ್ಯಾನೇಜರ್‌ನಲ್ಲಿ 'ಯುಎಸ್‌ಬಿ ರೂಟ್ ಹಬ್' ಹುಡುಕಿ, ಅದರ ಪವರ್ ಮ್ಯಾನೇಜ್‌ಮೆಂಟ್ ಪುಟದಲ್ಲಿ ವಿದ್ಯುತ್ ಉಳಿಸಲು ಆಫ್ ಮಾಡಬಹುದು ಅನ್ನುವ ಟಿಕ್ ತೆಗೆಯಿರಿ.

ಡಾಂಗಲ್ ಕಳೆದೋಯ್ತು. ಡಾಂಗಲ್ ಒಂದೇ ಸಿಗುತ್ತಾ?

ಅಗ್ಗದ ಮೌಸ್‌ಗಳಲ್ಲಿ ಹೆಚ್ಚಿನವುಗಳಿಗೆ ಸಿಗುವುದಿಲ್ಲ. ಕಾರ್ಖಾನೆಯಲ್ಲೇ ಆ ಮೌಸ್‌ಗೆ ಆ ಡಾಂಗಲ್ ಅಂತ ಜೋಡಿ ಮಾಡಿರುತ್ತಾರೆ. ನೋಡಲು ಅದೇ ತರಹದ್ದು ತಂದು ಹಾಕಿದರೂ ಕೆಲಸ ಮಾಡದು. ಲಾಜಿಟೆಕ್‌ನ ಯೂನಿಫೈಯಿಂಗ್ ಮೌಸ್‌ಗಳು ಇದಕ್ಕೆ ಹೊರತು. ಅವುಗಳ ಡಾಂಗಲ್ ಬೇರೆ ಕೊಳ್ಳಬಹುದು, ಒಂದಕ್ಕೇ ಆರು ಸಾಧನ ಜೋಡಿಸಬಹುದು, ಡಾಂಗಲ್ ಮೇಲೆ ಕಿತ್ತಳೆ ಬಣ್ಣದ ನಕ್ಷತ್ರದಂಥ ಗುರುತಿರುತ್ತದೆ. 2021ರಲ್ಲಿ ಬಂದ ಅದೇ ಕಂಪನಿಯ ಬೋಲ್ಟ್ ಡಾಂಗಲ್ ಬೇರೆ ಜಾತಿ, ಎರಡೂ ಒಂದಕ್ಕೊಂದು ಹೊಂದುವುದಿಲ್ಲ. ಬ್ಲೂಟೂತ್ ಕೂಡ ಇರುವ ಮೌಸ್ ಆದರೆ ಡಾಂಗಲ್ ಚಿಂತೆಯೇ ಬೇಡ.

## ಇನ್ನೂ ಸ್ವಲ್ಪ ಒಳಗೆ

ಕಂಪ್ಯೂಟರ್ ಕ್ಲಾಸಿನಲ್ಲಿ ಎಲ್ಲರಿಗೂ ಒಂದೇ ಕಂಪನಿ ಮೌಸ್. ಇವನದು ಅಲ್ಲಾಡಿಸಿದ್ರೆ ಅವನ ಬಾಣ ಓಡಲ್ವಾ?

ಓಡುವುದಿಲ್ಲ. ಪ್ರತಿ ಮೌಸ್ ತನ್ನ ಗುರುತು ಸೇರಿಸಿಯೇ ಸಿಗ್ನಲ್ ಕಳಿಸುತ್ತದೆ, ಡಾಂಗಲ್ ತನ್ನ ಜೋಡಿಯ ಗುರುತು ಬಿಟ್ಟು ಬೇರೆ ಯಾವುದನ್ನೂ ಲೆಕ್ಕಕ್ಕೆ ತಗೊಳ್ಳುವುದಿಲ್ಲ. ಅಲ್ಲಿ ಆಗುವ ಎಡವಟ್ಟು ಬೇರೆ. ಕ್ಲಾಸ್ ಮುಗಿದು ಎತ್ತಿಡುವಾಗ ಮೌಸ್ ಮತ್ತು ಡಾಂಗಲ್ ಅದಲು ಬದಲಾಗುತ್ತವೆ. ಎರಡಕ್ಕೂ ಒಂದೇ ಬಣ್ಣದ ಉಗುರುಬಣ್ಣದಿಂದ ಚುಕ್ಕಿ ಇಡಿ.

ನಾನು ಮಾಸಪತ್ರಿಕೆ ಪುಟ ಜೋಡಿಸ್ತೀನಿ. ಡಿಪಿಐ ಜಾಸ್ತಿ ಇದ್ದಷ್ಟೂ ಒಳ್ಳೇದಾ?

ಡಿಪಿಐ ಅಂದರೆ ಮೌಸ್ ಒಂದು ಇಂಚು ಸರಿದರೆ ಎಷ್ಟು ಎಣಿಕೆ ಕಳಿಸುತ್ತದೆ ಅನ್ನುವ ಲೆಕ್ಕ. 1000 ಇದ್ದರೆ ಸಾಮಾನ್ಯ ಕೆಲಸಕ್ಕೆ ಧಾರಾಳ. ಡಬ್ಬಿಯ ಮೇಲಿನ ದೊಡ್ಡ ಸಂಖ್ಯೆಗೆ ಮರುಳಾಗಬೇಡಿ. ಒತ್ತಕ್ಷರದ ಪಕ್ಕದಲ್ಲಿ ಕರ್ಸರ್ ಇಡಲು, ಕಾಲಂ ಗೆರೆ ಕೂದಲೆಳೆಯಷ್ಟು ಸರಿಸಲು ವೇಗಕ್ಕಿಂತ ಹಿಡಿತ ಮುಖ್ಯ. ನಿಮಗೆ ಉಪಯೋಗ ಆಗುವುದು ಇನ್ನೊಂದು: 'ಅಡಿಷನಲ್ ಮೌಸ್ ಸೆಟ್ಟಿಂಗ್ಸ್'ನ ಪಾಯಿಂಟರ್ ಆಪ್ಷನ್ಸ್‌ನಲ್ಲಿ 'ಎನ್‌ಹ್ಯಾನ್ಸ್ ಪಾಯಿಂಟರ್ ಪ್ರಿಸಿಷನ್' ಅನ್ನುವ ಟಿಕ್ ತೆಗೆಯಿರಿ. ಅದು ಇದ್ದಾಗ ಕೈ ಬೇಗ ಸರಿಸಿದರೆ ಬಾಣ ಹೆಚ್ಚು ದೂರ, ಮೆಲ್ಲಗೆ ಸರಿಸಿದರೆ ಕಮ್ಮಿ ದೂರ ಹೋಗುತ್ತದೆ. ತೆಗೆದರೆ ಕೈಯ ಅಳತೆಗೂ ಬಾಣದ ಅಳತೆಗೂ ಒಂದೇ ಲೆಕ್ಕ ಇರುತ್ತದೆ. ಮೊದಲು ವಿಚಿತ್ರ ಅನ್ನಿಸಿದರೂ ಕೈ ಬೇಗ ಕಲಿತುಕೊಳ್ಳುತ್ತದೆ.

ಮೌಸ್ ಸಿಗ್ನಲ್ ಹಿಡಿದು ಯಾರಾದ್ರೂ ನನ್ನ ಕಂಪ್ಯೂಟರ್‌ಗೆ ಕೈ ಹಾಕಬಹುದಾ?

ಬ್ಯಾಂಕ್ ಕೆಲಸ ಮಾಡುವವರು ಕೇಳಲೇಬೇಕಾದ ಪ್ರಶ್ನೆ. 2016ರ ಫೆಬ್ರವರಿಯಲ್ಲಿ ಬಾಸ್ಟಿಲ್ ಎಂಬ ಅಮೆರಿಕದ ಭದ್ರತಾ ಸಂಸ್ಥೆ ಇಂಥದ್ದೇ ದೋಷವನ್ನು ಬಯಲಿಗೆ ತಂದಿತು. ಅದಕ್ಕೆ ಮೌಸ್‌ಜ್ಯಾಕ್ ಎಂದು ಹೆಸರಿಟ್ಟರು. ಹಲವು ಕಂಪನಿಗಳ ಡಾಂಗಲ್‌ಗಳಿಗೆ ಹತ್ತಿರದಲ್ಲಿ ಕೂತ ಬೇರೆಯವರು ಸುಳ್ಳು ಸಿಗ್ನಲ್ ಕಳಿಸಿ, ಕೀಬೋರ್ಡ್ ಒತ್ತಿದ ಹಾಗೆ ಮಾಡಲು ಸಾಧ್ಯವಿತ್ತು. ಬ್ಲೂಟೂತ್ ಮೌಸ್‌ಗಳಿಗೆ ಈ ದೋಷ ಇರಲಿಲ್ಲ. ಆಮೇಲೆ ಕೆಲವು ಕಂಪನಿಗಳು ಡಾಂಗಲ್‌ಗೆ ಸಾಫ್ಟ್‌ವೇರ್ ಅಪ್‌ಡೇಟ್ ಕೊಟ್ಟವು.

ನಿಮ್ಮ ಡಾಂಗಲ್ ಅದಕ್ಕಿಂತ ಹಳೆಯದಾದರೆ ಕಂಪನಿಯ ಅಪ್‌ಡೇಟ್ ಇದೆಯಾ ನೋಡಿ, ಇಲ್ಲದಿದ್ದರೆ ದುಡ್ಡಿನ ವ್ಯವಹಾರ ಮಾಡುವ ಕಂಪ್ಯೂಟರ್‌ನಿಂದ ತೆಗೆದುಬಿಡಿ. ಗಲ್ಲಾ ಬಿಟ್ಟು ಏಳುವಾಗ ವಿಂಡೋಸ್ ಕೀ ಜೊತೆ ಎಲ್ ಒತ್ತಿ ಸ್ಕ್ರೀನ್ ಲಾಕ್ ಮಾಡುವುದು ಇನ್ನೂ ಮುಖ್ಯ.

ಪೂರ್ತಿ ಹಾಳಾದ ಮೌಸ್ ಕಸದ ಬುಟ್ಟಿಗೆ ಹಾಕಬಹುದಾ?

ಬೇಡ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳಂತೆ ಇಂಥ ವಸ್ತು ನೋಂದಾಯಿತ ಮರುಬಳಕೆದಾರರ ಕೈ ಸೇರಬೇಕು. ಹೊಸದು ಕೊಳ್ಳುವ ಅಂಗಡಿಯಲ್ಲಿ ಹಳೆಯದು ತಗೊಳ್ಳುತ್ತಾರಾ ಕೇಳಿ, ಇಲ್ಲವೇ ಸೊಸೈಟಿಯಲ್ಲಿ ಇ-ತ್ಯಾಜ್ಯ ಸಂಗ್ರಹ ನಡೆಯುವಾಗ ಕೊಡಿ. ಕೊಡುವ ಮುಂಚೆ ಸೆಲ್ ತೆಗೆದು ಬೇರೆ ಇಡಿ. ಯೂನಿಫೈಯಿಂಗ್ ಡಾಂಗಲ್ ಆಗಿದ್ದರೆ ಅದನ್ನು ಮಾತ್ರ ಕೊಡಬೇಡಿ, ತಮ್ಮದು ಕಳೆದುಕೊಂಡವರು ಯಾರಾದರೂ ಇದ್ದೇ ಇರುತ್ತಾರೆ.